ನುಂಗಿದ ‘ರೀ’

ಪುಣೆಗೆ ಬಂದು ಭೋಸರಿಯ ಫ್ಯಾಕ್ಟರಿಯೊಂದಕ್ಕೆ ಸೇರಿದ ಮೊದಲ ದಿನ ಸಾಹೇಬರಿಗೆ ‘ಗುಡ್ ಮಾರ್ನಿಂಗ್ ರೀ’ ಎಂದೆ. ಇಡೀ ಕೋಣೆ ಗೊಳ್ಳೆಂದು ನಕ್ಕಿತು. ನಮ್ಮ ವಿಜಯಪುರದಲ್ಲಿ ಹಿರಿಯರ ಮುಂದೆ ‘ರೀ’ ಹಚ್ಚದೆ ಮಾತಾಡಿದರೆ ಅವ್ವ ಕಣ್ಣು ಕೆಕ್ಕರಿಸುತ್ತಿದ್ದಳು. ಇಲ್ಲಿ ಹಿಂದಿ ಬಲ್ಲವರ ಕಿವಿಗೆ ಅದು ‘ಏ ಹುಡುಗಿ’ ಎಂದು ಕರೆದ ಹಾಗೆ. ದಪ್ಪ ಮೀಸೆಯ ಸಾಹೇಬರನ್ನು ನಾನು ಹಾಗೆ ಕರೆದಿದ್ದೆ!

ಖೋಲಿ, ಅಂದರೆ ಒಂದೇ ಕೋಣೆಯ ಮನೆ, ರೂಢಿಯಾಯಿತು. ರೊಟ್ಟಿಯನ್ನು ಭಾಕರಿ ಎನ್ನುವುದೂ ರೂಢಿಯಾಯಿತು. ನಾಲಿಗೆ ಮಾತ್ರ ಹಟಮಾರಿ. ಬಿಡಿಭಾಗಗಳ ತಪಾಸಣೆ ಮಾಡುವ ನನಗೆ ಬಡ್ತಿ ಸಿಗಬೇಕಾದರೆ, ಗಿರಾಕಿ ಕಂಪನಿಯವರೆದುರು ಇಂಗ್ಲಿಷಿನಲ್ಲಿ ಪ್ರೆಸೆಂಟೇಶನ್ ಕೊಡಬೇಕಿತ್ತು. ನಕ್ಕವರ ಮುಂದೆ ಒಮ್ಮೆಯಾದರೂ ತಲೆಯೆತ್ತಿ ನಿಲ್ಲುವ ಆಸೆ ನನಗೆ.

ಪಕ್ಕದ ಮೇಜಿನ ಸುನೀತಾ, ‘ತಾಈ, ತೇ ರೀ ಕಾಢೂನ್ ಟಾಕ್’ ಎಂದಳು. ಅಕ್ಕಾ, ಆ ‘ರೀ’ ಕಿತ್ತುಹಾಕು ಎಂದು. ಸಂಜೆ ರೊಟ್ಟಿ ಬಡಿಯುತ್ತಲೇ ಅಭ್ಯಾಸಕ್ಕಿಳಿದೆ. ವಾಕ್ಯ ಮುಗಿದು ‘ರೀ’ ಬಾಯಿಗೆ ಬಂತೆನ್ನುವಾಗ ಹಿಟ್ಟಿಗೊಂದು ಏಟು. ತಿಂಗಳುಗಟ್ಟಲೆ ಹೀಗೇ ನಡೆಯಿತು. ‘ರೊಟ್ಟಿ ಭಾಳ ತೆಳ್ಳಗ ಆಗ್ಯಾವ ನೋಡು, ದಿನಾ ಇಂಗ್ಲಿಷ್ ಕಲಿ’ ಎಂದು ಗಂಡ ಛೇಡಿಸಿದ.

ಪ್ರೆಸೆಂಟೇಶನ್ ದಿನ ‘ರೀ’ ಒಂದೂ ಹೊರಬೀಳಲಿಲ್ಲ. ಬದಲಿಗೆ ಪ್ರತಿ ವಾಕ್ಯದ ಕೊನೆಗೆ ನನ್ನ ಅಂಗೈ ಮೇಜನ್ನು ಬಡಿಯಿತು. ಮೊದಮೊದಲು ನನಗೇ ಗೊತ್ತಾಗಲಿಲ್ಲ. ಬಂದವರು ಮುಖ ಮುಖ ನೋಡಿಕೊಂಡರು. ಗೊತ್ತಾದ ಮೇಲೆ ಕೈ ಹಿಂದೆ ಕಟ್ಟಿಕೊಂಡೆ, ಮಾತೇ ನಿಂತುಹೋಯಿತು. ಬಡ್ತಿ ಬೇರೆಯವರಿಗೆ ಹೋಯಿತು. ಇನ್ನೊಂದು ಅವಕಾಶ ಸಿಕ್ಕೀತೆಂಬ ನಂಬಿಕೆ ನನಗಿಲ್ಲ, ಸಿಕ್ಕರೂ ಮಾತು ಬಂದೀತೆಂಬ ನಂಬಿಕೆ ಮೊದಲೇ ಇಲ್ಲ.

ಅದೇ ವಾರ ನನ್ನ ಗಂಡನ ತಂದೆ ಊರಿಂದ ಬಂದರು. ತಾಟು ಹಾಕಿ, ‘ಮಾವಾ, ಊಟಕ್ಕ ಬಾ’ ಎಂದೆ.

ಅವರು ನಿಂತಲ್ಲೇ ನಿಂತರು. ‘ಯಾಕವಾ, ನಾ ಏನರ ತಪ್ಪ ಮಾಡೀನೇನು?’

‘ಬರ್ರಿ ಮಾವಾರ, ಬಾಯಿ ತಪ್ಪಿ ಬಂತ್ರಿ’ ಎಂದು ಗೋಗರೆದೆ.

ಕೂತು ಉಂಡರು. ‘ಇರಲಿ ಬಿಡವಾ, ಪುಣೇದಾಕಿ ಆಗೀದಿ’ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಮರುದಿನ ಫ್ಯಾಕ್ಟರಿಯ ಗೇಟಿನಲ್ಲಿ ಯಾರೋ ಎಂದಿನಂತೆ, ‘ಏ ಕರ್ನಾಟಕವಾಲಿ’ ಎಂದು ಕೂಗಿದರು. ಓಗೊಟ್ಟೆ.