ಕೆಂದ ನಮ್ಮ ಕೇರಿಗೆ ಬಂದ ದಿನ

ನಾನು ಚಿಕ್ಕವಳಿದ್ದಾಗ ಅಪ್ಪ ಹಗಲು ಹೊತ್ತು ಮನೆಯಲ್ಲಿದ್ದದ್ದನ್ನು ಕಂಡವಳೇ ಅಲ್ಲ. ನಾವು ಕಣ್ಣು ಬಿಡುವಷ್ಟರಲ್ಲಿ ಅವನು ಗೌಡರ ಕೊಟ್ಟಿಗೆಯಲ್ಲಿರುತ್ತಿದ್ದ. ಅಪ್ಪ ಜೀತದಾಳು. ಜೀತ ಅಂದರೆ ಏನೆಂದು ನಿಮಗೆ ತಿಳಿಯುವುದು ಕಷ್ಟ, ಮಕ್ಕಳೇ. ಅದು ಕೆಲಸವಲ್ಲ. ಕೆಲಸವಾದರೆ ಬೇಡವೆಂದು ಬಿಟ್ಟು ಬರಬಹುದು. ಅಪ್ಪನ ಅಪ್ಪನೂ ಅದೇ ಮನೆಯಲ್ಲಿ ದುಡಿದು ಸತ್ತಿದ್ದ. ಇನ್ನು ಸಗಣಿ ಬಾಚಲು ಅಕ್ಕನನ್ನೂ ಕಳಿಸಬೇಕೆಂದು ಗೌಡರು ಹೇಳಿಯಾಗಿತ್ತು. ಅಕ್ಕನಿಗೆ ಆಗ ಹನ್ನೆರಡು ವರ್ಷ.

ಅಷ್ಟರಲ್ಲಿ ಮೊಳಕಾಲ್ಮೂರಿನಿಂದ ಸಾಹೇಬರೊಬ್ಬರು ಜೀಪಿನಲ್ಲಿ ಬಂದರು. ಶಾಲೆಯ ಮುಂದೆ ಊರವರನ್ನು ಸೇರಿಸಿ ಸರ್ಕಾರದ ಒಂದು ಕಾಗದ ಓದಿ, ಇವತ್ತಿನಿಂದ ಅಪ್ಪ ಯಾರ ಜೀತದಾಳೂ ಅಲ್ಲ ಎಂದರು. ಅಪ್ಪ ಹೆಬ್ಬೆಟ್ಟು ಒತ್ತಿ ಮನೆಗೆ ಬಂದ. ನಾನು ಹೇಳಹೊರಟಿರುವುದು ಅದರ ಮರುದಿನದ ಮಾತು.

ಬೆಳಕು ಹರಿಯುತ್ತಿದ್ದಂತೆ ಅಪ್ಪ ಟವಲು ಹೆಗಲಿಗೆ ಹಾಕಿಕೊಂಡು ಹೊಸ್ತಿಲು ದಾಟಿದ. “ಎಲ್ಲಿಗೆ ಹೊಂಟೆ?” ಎಂದಳು ಅವ್ವ. ಅಪ್ಪ ನಿಂತ. ನಾಚಿಕೊಂಡವನಂತೆ ಒಳಗೆ ಬಂದು ಗೋಡೆಗೊರಗಿ ಕೂತ. ಕೂರುವುದು ಅವನಿಗೆ ಗೊತ್ತೇ ಇರಲಿಲ್ಲ. ಎದ್ದು ಹಗ್ಗ ಹೊಸೆದ, ಅರ್ಧಕ್ಕೆ ಬಿಟ್ಟ. ಹುಣಸೆಮರದವರೆಗೆ ಹೋದ, ತಿರುಗಿ ಬಂದ. ಹಿಂದಿನ ದಿನ ಸಣ್ಣಗೆ ಮಳೆ ಬಿದ್ದಿತ್ತು. ಶೇಂಗಾ ಬಿತ್ತುವ ಹದ. ಗಾಳಿಯಲ್ಲಿ ಹಸಿಮಣ್ಣಿನ ವಾಸನೆ ಬಂದಾಗಲೆಲ್ಲ ಅಪ್ಪ ತಲೆ ಎತ್ತುತ್ತಿದ್ದ. ಅವನನ್ನು ನೋಡಿ ನೋಡಿ ನಮಗೂ ನಿಂತಲ್ಲಿ ನಿಲ್ಲಲಾಗಲಿಲ್ಲ.

ಹೊತ್ತು ನೆತ್ತಿಗೆ ಬರುವ ವೇಳೆಗೆ ಗೌಡರ ಮಗ ಕೇರಿಯ ಆಚೆ, ಹಳ್ಳದ ದಡದಲ್ಲಿ ನಿಂತು ಕೂಗಿದ. ಆ ಮನೆಯವರು ಹಳ್ಳ ದಾಟಿ ನಮ್ಮ ಕೇರಿಗೆ ಕಾಲಿಡುತ್ತಿರಲಿಲ್ಲ.

“ಲೇ, ಕೆಂದ ಬೆಳಿಗ್ಗಿಂದ ನೀರು ಮುಟ್ಟಿಲ್ಲ ಕಣೋ. ಯಾರು ಹೋದ್ರೂ ಹಾಯಾಕೆ ಬರ್ತೈತೆ. ಒಂದು ಗಳಿಗೆ ಬಂದು ಹೋಗು.”

ಕೆಂದ ಅಂದರೆ ಗೌಡರ ಎತ್ತು. ಕರುವಾಗಿದ್ದಾಗಿನಿಂದ ಅಪ್ಪನೇ ಸಾಕಿದ್ದ. ಅಪ್ಪ ಥಟ್ಟನೆ ಎದ್ದ.

“ಇವತ್ತು ಹೋದ್ರೆ ನಾಳೆನೂ ಹೋಗ್ತೀಯಾ,” ಎಂದಳು ಅವ್ವ.

“ಮೂಗಪ್ರಾಣಿ ಕಣೇ. ನೀರಿಲ್ದೆ ಸಾಯ್ತೈತೆ.”

ಆಗ ಅಕ್ಕ ಬಾಗಿಲಿಗೆ ಅಡ್ಡ ನಿಂತಳು. “ನೀನು ಹೋಗ್ಬ್ಯಾಡಪ್ಪ. ಎತ್ತನ್ನೇ ಇಲ್ಲಿಗೆ ಹೊಡ್ಕಂಡು ಬರ್ಲಿ.”

ಅಪ್ಪ ಅವಳ ಮುಖವನ್ನೇ ನೋಡಿದ. ಆಮೇಲೆ ಅಂಗಳಕ್ಕೆ ಬಂದು ಕೂಗಿ ಹೇಳಿದ. “ಚಿಕ್ಕಗೌಡ್ರೇ, ನಾನು ಅಲ್ಲಿಗೆ ಬರಲ್ರಿ. ಎತ್ತು ಹೊಡ್ಕಂಡು ಬರ್ರಿ, ಇಲ್ಲೇ ನೀರು ಕುಡಿಸ್ತೀನಿ.”

“ನಾನಾ? ನಿಮ್ಮ ಕೇರಿಗಾ?” ಎಂದ ಅವನು. ಮುಖ ಕೆಂಪಗೆ ಮಾಡಿಕೊಂಡು ಹೊರಟುಹೋದ.

ಆಮೇಲಿನ ಹೊತ್ತು ಹೇಗೆ ಕಳೆಯಿತೋ! ಜನ ಕಟ್ಟಿಕೊಂಡು ಹೊಡೆಯಲು ಬರುತ್ತಾರೆಂದು ಅವ್ವ ನನ್ನನ್ನು ಒಳಗೆಳೆದು ಕದ ಹಾಕಿದಳು, ತಡೆಯಲಾರದೆ ಮತ್ತೆ ತೆರೆದಳು. ಒಲೆಯ ಮೇಲಿನ ಮುದ್ದೆ ಸೀದ ವಾಸನೆ ಬಂತು. ಯಾರೂ ಏಳಲಿಲ್ಲ.

ಬಿಸಿಲು ಇಳಿಯುವಾಗ ಕೊರಳ ಗಂಟೆಯ ಸದ್ದು ಕೇಳಿತು. ಚಿಕ್ಕಗೌಡ ಒಬ್ಬನೇ, ಬೆವರಿ ತೊಯ್ದು, ಉದ್ದ ಹಗ್ಗದ ತುದಿ ಹಿಡಿದು ಒಣಹಳ್ಳದಲ್ಲಿ ಎಡವುತ್ತಾ ಬರುತ್ತಿದ್ದ. ಅಪ್ಪನನ್ನು ಕಂಡದ್ದೇ ಕೆಂದ ಅವನ ಕೈಯಿಂದ ಹಗ್ಗ ಕಿತ್ತುಕೊಂಡು ಓಡಿಬಂತು. ಅಪ್ಪ ಅದರ ಕೊರಳ ಕೆಳಗಿನ ಗಂಗೆದೊಗಲು ತುರಿಸಿ, ನಮ್ಮ ಬಕೀಟು ಮುಂದಿಟ್ಟ. ಎತ್ತು ಸೊರ್ರನೆ ಹೀರಿತು. ಇನ್ನೊಂದು ಬಕೀಟನ್ನು ಅಕ್ಕ ತಂದಳು, ಅದೂ ಮುಗಿಯಿತು. ಅಕ್ಕ ಚಿಕ್ಕಗೌಡನಿಗೂ ಒಂದು ಚೊಂಬು ನೀರು ಚಾಚಿದಳು. ಅವನು ಒಣಗಿದ ತುಟಿ ಸವರಿಕೊಂಡು ಬೇರೆ ಕಡೆ ನೋಡಿದ.

“ನಾಳೆ?” ಎಂದ, ಮೆಲ್ಲಗೆ.

“ಮೊದ್ಲು ಕೊರಳು ತುರಿಸ್ರಿ. ಅದು ಕಣ್ಣು ಮುಚ್ಚಿದ ಮ್ಯಾಲೆ ನೀರು ಇಡ್ರಿ. ನಿಮ್ಮ ಕೈಲೂ ಕುಡೀತೈತೆ,” ಎಂದ ಅಪ್ಪ.

ಎತ್ತು ತಿರುತಿರುಗಿ ನೋಡುತ್ತಾ ಹೋಯಿತು. ಅಪ್ಪ ಹಳ್ಳದ ದಡದವರೆಗೆ ಅದರ ಹಿಂದೆ ನಡೆದ. ಆದರೆ ಮತ್ತೆಂದೂ ಆ ಕೊಟ್ಟಿಗೆಗೆ ಹೋಗಲಿಲ್ಲ. ಅಕ್ಕನೂ ಹೋಗಲಿಲ್ಲ. ಆ ವರ್ಷ ಊರಲ್ಲಿ ನಮಗೆ ಯಾರೂ ಕೂಲಿ ಕೊಡಲಿಲ್ಲ. ಅಪ್ಪ ಬಿ.ಜಿ. ಕೆರೆ ಊರಿನ ಕಡೆ ನಡೆದುಹೋಗಿ ಕಲ್ಲು ಒಡೆದು ನಮ್ಮನ್ನು ಸಾಕಿದ.

ಈಗ ನೀವು ಆ ಗೌಡರ ಮನೆಯ ಮುಂದೆಯೇ ಸೈಕಲ್ ಬೆಲ್ ಹೊಡೆಯುತ್ತಾ ಶಾಲೆಗೆ ಹೋಗುತ್ತೀರಿ. ಆ ಮನೆಯ ಹುಡುಗಿ ನಿಮ್ಮ ಬೆಂಚಿನಲ್ಲೇ ಕೂರುತ್ತಾಳೆ. ಆದರೂ ನಿನ್ನೆ ನೀವು ಕೇಳಿದಿರಿ: “ಅಜ್ಜಿ, ಕೆರೆ ಕೆಳಗಿನ ಹೊಲ ಎಲ್ಲಾ ಅವರದ್ದೇ ಯಾಕೆ? ನಮ್ಮದು ಮಾತ್ರ ಕಲ್ಲುಗುಡ್ಡದ ಮೇಲೆ ಯಾಕೆ?” ನಿಮ್ಮ ವಯಸ್ಸಿನಲ್ಲಿ ಅದನ್ನು ಮನಸ್ಸಿನೊಳಗೆ ಕೇಳಿಕೊಳ್ಳಲೂ ನಾನು ಹೆದರುತ್ತಿದ್ದೆ. ನೀವು ಬಾಯಲ್ಲಿ ತುತ್ತು ಇಟ್ಟುಕೊಂಡೇ ಕೇಳಿಬಿಟ್ಟಿರಿ.