ಮರಿಯಣ್ಣನವರ ಸೀಸದ ಕಲ್ಲು

ಮಗಳು ಅಂದು ಬಸ್ಸಿನಲ್ಲಿ ಬೆರಳು ಚೀಪಿದ್ದಳೋ ಇಲ್ಲವೋ? ನಾಲ್ಕು ದಿನದಿಂದ ಉಷಾರಾಣಿಯ ತಲೆಯನ್ನು ಇದೊಂದೇ ಕೊರೆಯುತ್ತಿತ್ತು. ಬಾಳೆಹಣ್ಣು ತಿಂದದ್ದಂತೂ ನಿಜ. ಸುಲಿದು ಕೈಗೆ ಕೊಟ್ಟವಳು ತಾನೇ. ಅರ್ಧ ಗಂಟೆ ಮುಂಚೆ ಮಗುವಿನ ಅದೇ ಕೈಯಲ್ಲಿ ಸೀಸದ ಅದಿರಿತ್ತು. ತೊಳೆದಿರಲಿಲ್ಲ.

ಮೂರು ವರ್ಷದ ಕಾವ್ಯಶ್ರೀ ಅರಸೀಕೆರೆಯ ಮನೆಯ ಕೆಂಪು ನೆಲದ ಮೇಲೆ ಬಳಪದಲ್ಲಿ ಗೀಚುತ್ತ ಕೂತಿದ್ದಳು. ಉಷಾರಾಣಿ ಹತ್ತು ನಿಮಿಷಕ್ಕೊಮ್ಮೆ ಅವಳ ನಾಲಿಗೆ ಹೊರಹಾಕಿಸಿ ನೋಡುತ್ತಿದ್ದಳು. ಅತ್ತೆ ಕಮಲಾಕ್ಷಮ್ಮನಿಗೆ ಹೇಳುವಂತಿಲ್ಲ. ಮೈಸೂರಿನಲ್ಲಿ ಓದಿಬಂದ ಸೊಸೆ ಕುಡಿಯುವ ನೀರನ್ನು ಎರಡೆರಡು ಸಲ ಕಾಯಿಸುವುದು ಕಂಡು, "ಅದೇನ್ ನೀರೋ ಕಷಾಯವೋ?" ಎಂದು ಅಣಕಿಸುವವರು ಅವರು. ಮನೆಮಂದಿಗೆಲ್ಲ ಕೈ ತೊಳೆಯುವ ಪಾಠ ಹೇಳಿದವಳೇ ಮರೆತಳೆಂದರೆ ಬಿಟ್ಟಾರೆಯೇ? ಡಾಕ್ಟರ ಬಳಿ ಹೋದರೆ ಗಂಡ ಶಶಿಕಿರಣನಿಗೆ, ಅವನಿಂದ ಅತ್ತೆಗೆ ತಿಳಿಯುತ್ತದೆ.

ಅಂದು ಹಳೇಬೀಡಿನ ದೇವಸ್ಥಾನ ನೋಡಿ ಬಸ್ಸಿಗೆ ಕಾಯುವಾಗ, ಬಿಸಿಲು ತಾಳಲಾರದೆ ತಾಯಿ ಮಗಳು ಹೊಕ್ಕದ್ದು ಮರಿಯಣ್ಣನವರ ಖನಿಜ ಸಂಗ್ರಹಾಲಯಕ್ಕೆ. ಸಂಗ್ರಹಾಲಯವೆಂದರೆ ಮನೆಯ ಮುಂದಿನ ಒಂದು ಕೋಣೆ, ಮೂರು ಮರದ ಹಲಗೆ, ಪ್ರತಿ ಕಲ್ಲಿನ ಮುಂದೆ ರಟ್ಟಿನ ಚೀಟಿ. ದೇವಸ್ಥಾನದ ಶಿಲೆಯ ಜಾತಿಯ ಬಳಪದ ಕಲ್ಲು, ನುಗ್ಗೇಹಳ್ಳಿ ಕಡೆಯ ಕಪ್ಪು ಕ್ರೋಮೈಟು, ನಡುವೆ ಕನ್ನಡಿ ಚೂರಿನಂತೆ ಹೊಳೆಯುವ ಸೀಸದ ಅದಿರು.

ಮರಿಯಣ್ಣ ಆಂಧ್ರದ ಸೀಸದ ಗಣಿಯೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ರಜೆಗೆ ಬರುವಾಗ ಬೇರೆಯವರ ಟ್ರಂಕಿನಲ್ಲಿ ಸೀರೆ, ಮಿಠಾಯಿ, ಇವರದ್ದರಲ್ಲಿ ಕಲ್ಲು. ಟ್ರಂಕನ್ನು ಬಸ್ಸಿನ ಮೇಲೆ ಏರಿಸುವ ಕೂಲಿಯವನು ಬೈಯದ ವರ್ಷವಿಲ್ಲವಂತೆ. ತೂಕ ಕೈಗೆ ತಿಳಿಯದಿದ್ದರೆ ಸೀಸ ನೋಡಿದಂತಲ್ಲ ಎಂಬುದು ಅವರ ಹಟ. ಕಾವ್ಯಶ್ರೀಯ ಅಂಗೈಯಲ್ಲಿ ನಿಂಬೆಹಣ್ಣಿನಷ್ಟು ಚೂರಿಟ್ಟು, ಕೆಳಗೆ ತಮ್ಮ ಕೈ ಆಸರೆ ಕೊಟ್ಟಿದ್ದರು. ಮಗುವಿನ ಕಣ್ಣು ಅರಳಿತ್ತು.

ಮುಟ್ಟಿದವರು ಬಾಗಿಲ ಬಳಿಯ ಬಕೆಟ್ಟಿನ ನೀರಲ್ಲಿ, ಸೋಪು ಹಚ್ಚಿ ಕೈ ತೊಳೆದೇ ಹೊರಡಬೇಕು. ಏಕೆಂದೂ ಅವರು ಹೇಳಿದ್ದರು: ಸೀಸದ ಪುಡಿ ಹೊಟ್ಟೆ ಸೇರಿದರೆ ವಿಷ. ಗಣಿಯ ಬಳಿ ಸಂಸಾರ ಹೂಡಿದ್ದಾಗ, ಕೆಲಸ ಮುಗಿಸಿ ಬಂದವರು ನೇರವಾಗಿ ಹೊಸಿಲು ದಾಟುತ್ತಿರಲಿಲ್ಲ. ಹೆಂಡತಿ ದ್ರಾಕ್ಷಾಯಣಿ ಹಿತ್ತಲಲ್ಲಿ ಬಿಸಿನೀರು ತೋಡಿಟ್ಟಿರುತ್ತಿದ್ದರು. ಕೂಸು ಗುರುಸಿದ್ದಮ್ಮ ಕೈ ಚಾಚಿ ಅತ್ತರೂ ಮಿಂದು ಬಟ್ಟೆ ಬದಲಿಸುವ ತನಕ ಎತ್ತಿಕೊಂಡದ್ದಿಲ್ಲ.

"ಅಪ್ಪಂಗೆ ನನ್ ಕಂಡ್ರೆ ಆಗಾಕಿಲ್ಲ ಅಂದ್ಕೊಂಡಿದ್ಲಂತೆ ಕಣವ್ವ. ದೊಡ್ಡೋಳಾದ್ಮೇಲೆ ಹೇಳಿದ್ಲು" ಎಂದು ನಕ್ಕಿದ್ದರು.

ಉಷಾರಾಣಿ ಆಗ ವಾಚು ನೋಡುತ್ತಿದ್ದಳು. ಅಷ್ಟರಲ್ಲಿ ಬಸ್ಸಿನ ಹಾರನ್ನು ಕೇಳಿತು. ಕೈ ತೊಳೆಸಿಕೊಂಡು ಹೋಗೆಂದು ಚೊಂಬು ಹಿಡಿದು ರಸ್ತೆಯ ತನಕ ಬಂದವರನ್ನು ತಿರುಗಿಯೂ ನೋಡದೆ, ಮಗುವನ್ನೆತ್ತಿಕೊಂಡು ಓಡಿದ್ದಳು. ಈಗ ಯಾವ ಮುಖದಿಂದ ಅವರನ್ನು ಕೇಳುವುದು?

ಅವರು ಮಕ್ಕಳಿಗೆಲ್ಲ ಕೊಡುವ ಬಳಪದ ಚೂರನ್ನು ಸುತ್ತಿದ್ದ ಕಾಗದ ಮಂಚದಡಿ ಬಿದ್ದಿತ್ತು. ಅದರ ಮೇಲೆ ಫೋನ್ ನಂಬರ್. ಮಧ್ಯಾಹ್ನ ಅತ್ತೆ ಅಡ್ಡಾದ ಮೇಲೆ ಉಷಾರಾಣಿ ಎರಡು ಸಲ ರಿಸೀವರ್ ಎತ್ತಿ ಇಟ್ಟಳು. ಮೂರನೆಯ ಸಲ ನಂಬರ್ ಒತ್ತಿಯೇಬಿಟ್ಟಳು.

"ನಾನು ಅರಸೀಕೆರೆಯಿಂದ..." ಎನ್ನುವಷ್ಟರಲ್ಲೇ ಆ ಕಡೆಯ ದನಿ ಕೇಳಿತು: "ಬಸ್ಸಿಗೆ ಓಡಿದ್ಯಲ್ಲವ್ವ, ಮಗಾ ಹೆಂಗೈತೆ?"

ಬಾಳೆಹಣ್ಣು, ಬೆರಳು, ಅತ್ತೆ, ಎಲ್ಲವನ್ನೂ ಉಷಾರಾಣಿ ಒಂದೇ ಉಸಿರಿಗೆ ಒದರಿದಳು. ವಾಂತಿ, ಹೊಟ್ಟೆನೋವು ಇದೆಯೇ, ಆಡುತ್ತಿದ್ದಾಳೆಯೇ ಎಂದು ಅವರು ಒಂದೊಂದಾಗಿ ವಿಚಾರಿಸಿದರು.

"ಒಂದ್ಸಲ ಮುಟ್ಟಿದ್ಕೆ ಏನೂ ಆಗಾಕಿಲ್ಲ ಅಂತ ನನ್ನೆಣಿಕೆ. ಆದ್ರೆ ನಾನು ಡಾಕ್ಟ್ರಲ್ಲ. ತೋರ್ಸ್ಬುಡು. ಮುಚ್ಚಿಡಬ್ಯಾಡ ಕಣವ್ವ."

ಬಕೆಟ್ಟನ್ನು ಬಾಗಿಲಿನಿಂದ ತೆಗೆದು ಸೀಸದ ಕಲ್ಲಿನ ಪಕ್ಕಕ್ಕೇ ಇಟ್ಟಿದ್ದಾರಂತೆ. ಅವಳ ನಂಬರ್ ಗೊತ್ತಿಲ್ಲದೆ ನಾಲ್ಕು ದಿನದಿಂದ ಅವರಿಗೂ ಊಟ ಸೇರಿರಲಿಲ್ಲವಂತೆ.

ಒಳಗೆ ಅತ್ತೆ ಎದ್ದ ಸದ್ದಾಯಿತು. ಉಷಾರಾಣಿ ದನಿ ತಗ್ಗಿಸಲಿಲ್ಲ.

"ಸಂಜೆನೇ ಡಾಕ್ಟ್ರಿಗೆ ತೋರಿಸ್ತೀನಿ, ಮರಿಯಣ್ಣೋರೇ. ಆಮೇಲೆ ಇವಳನ್ನ ಕರ್ಕೊಂಡು ಬರ್ತೀನಿ. ಬಸ್ಸು ಹೋದ್ರೆ ಇನ್ನೊಂದು ಬರುತ್ತೆ, ಬಿಡಿ."