ಅಕ್ಕನ ಬೆರಳು, ನನ್ನ ಸೈಕಲ್ಲು

ಅಮಾವಾಸ್ಯೆಗೆ ಸೈಕಲ್ಲಿಗೆ ನಿಂಬೆಹಣ್ಣು ಕಟ್ಟಲಿಲ್ಲ, ಅದಕ್ಕೇ ದೇವಿ ಅಕ್ಕನ ಬೆರಳು ತಗೊಂಡಳು ಎಂದು ನಮ್ಮ ಓಣಿಯಲ್ಲಿ ಇವತ್ತಿಗೂ ಹೇಳುತ್ತಾರೆ. ಈ ಮಾತಿನಲ್ಲಿ ಒಂದು ತೊಡಕಿದೆ. ನಿಂಬೆಹಣ್ಣು ಬೇಡವೆಂದು ಹಟ ಹಿಡಿದವನು ನಾನು. ಸಿಟ್ಟಾದ ದೇವಿ ನನ್ನನ್ನು ಬಿಟ್ಟು, ಪ್ರತಿ ಮಂಗಳವಾರ ಉಪವಾಸ ಇರುವ ಅಕ್ಕನ ಬೆರಳಿಗೇ ಯಾಕೆ ಬಂದಳು? ಅದೂ ಬಲಗೈಯ ತೋರುಬೆರಳಿಗೆ. ಗಂಡನ ಮನೆ ಬಿಟ್ಟು ಬಂದ ಮೇಲೆ ಅಕ್ಕ ಓಣಿಯ ಹೆಂಗಸರಿಗೆ ರವಿಕೆ-ಜಂಪರ ಹೊಲಿದೇ ಬದುಕಿದವಳು. ಸೂಜಿಯ ಮುಂದೆ ಬಟ್ಟೆ ನಡೆಸುತ್ತಿದ್ದುದು ಆ ಬೆರಳು.

ಬೆರಳು ತಿಂದದ್ದು ಸೈಕಲ್ಲಿನ ಹಲ್ಲಿನ ಚಕ್ರ. ಅದನ್ನು ಆರಿಸಿದವನು ನಾನು.

ಬೈಲಹೊಂಗಲದ ಶಾಲೆಯೊಂದರಲ್ಲಿ ಪಾಠ ಮಾಡಲು ಹಳ್ಳಿಯಿಂದ ದಿನವೂ ಒಂಬತ್ತು ಕಿಲೋಮೀಟರು ತುಳಿಯುತ್ತಿದ್ದೆ. ಗೇರಿನ ಸೈಕಲ್ಲು ಎರಡು ಮಳೆಗಾಲಕ್ಕೇ ಸೋತಿತು. ಎರೆಮಣ್ಣು ಗೇರಿನೊಳಗೆ ಹೊಕ್ಕು ಗಟ್ಟಿಯಾಗುತ್ತಿತ್ತು. ಗೇರೇ ಇಲ್ಲದ್ದು ಸಾಕು ಎಂದು ತೀರ್ಮಾನಿಸಿದೆ. ಅಷ್ಟಕ್ಕೆ ನಿಲ್ಲಬಹುದಿತ್ತು. ಮೊಬೈಲಿನಲ್ಲಿ ನೋಡಿ ಇನ್ನೊಂದು ಹೆಜ್ಜೆ ಇಟ್ಟೆ: ಪೆಡಲು ನಿಂತರೂ ಗಾಲಿ ಉರುಳುವಂತೆ ಮಾಡುವ ಹಿಂದಿನ ಫ್ರೀವೀಲಿಗೆ ಬೆಸುಗೆ ಹಾಕಿಸುವುದು. ಆಮೇಲೆ ಗಾಲಿ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತಲೇ ಇರುತ್ತದೆ. ಕೆಡುವ ಭಾಗ ಒಂದು ಕಡಿಮೆ, ಸೈಕಲ್ಲಿನ ಹಿಡಿತವೆಲ್ಲ ಕಾಲಲ್ಲೇ.

ಸೈಕಲ್ ರಿಪೇರಿಯ ಚಾಚಾ ವೆಲ್ಡಿಂಗ್ ಕಡ್ಡಿ ಕೈಯಲ್ಲಿ ಹಿಡಿದೇ ಅರ್ಧ ತಾಸು ವಾದಿಸಿದರು.

"ಇಳಿಜಾರಿನ್ಯಾಗ ಕಾಲ ಮುರೀತೈತಿ ತಮ್ಮಾ."

"ನಮ್ಮ ದಾರ್‍ಯಾಗ ಇಳಿಜಾರ ಎಲ್ಲೈತ್ರಿ ಚಾಚಾ? ತೋರಸ್ರಿ."

"ಮನ್ಯಾಗ ಮಂದಿ ಅದಾರ."

"ಯಾರೂ ಹತ್ತಬ್ಯಾಡ್ರಿ ಅಂತ ಹೇಳ್ತೇನಿ. ಮುಂದ ಬ್ರೇಕ್ ಐತಿ. ಮತ್ತೇನ್ರಿ?"

"ಮತ್ತೇನಿಲ್ಲ. ವಾದದಾಗ ನೀ ಗೆದ್ದಿ. ಚೈನಿಗೆ ಕಿವಿ ಇಲ್ಲ ನೋಡಪಾ," ಎಂದು ಕಪ್ಪು ಕನ್ನಡಕ ಏರಿಸಿ ಕಿಡಿ ಹಾರಿಸಿದರು.

ಮನೆಯಲ್ಲಿ ಎಲ್ಲರಿಗೂ ಹೇಳಿದೆ. ಹತ್ತಬೇಡಿ ಎಂದೆ. ತೊಳೆಯಬೇಡಿ ಎನ್ನಲಿಲ್ಲ.

ನಮ್ಮಲ್ಲಿ ಅಮಾವಾಸ್ಯೆಗೆ ಗಾಡಿಗಳನ್ನೆಲ್ಲ ತೊಳೆದು ಪೂಜೆ ಮಾಡುತ್ತಾರೆ. "ಟ್ರ್ಯಾಕ್ಟರಿಗೂ ಪೂಜಿ ಆತು. ನಿನ್ನ ಸೈಕಲ್ ಏನ್ ಪಾಪ ಮಾಡೇತಿ?" ಎಂದಳು ಅವ್ವ.

"ಪಾಪ ಮಾಡಿಲ್ಲಲ್ಲಾ, ಅದಕ್ಕ ಬ್ಯಾಡ," ಎಂದು ಸ್ನಾನಕ್ಕೆ ಹೋದೆ. ಆ ಉತ್ತರದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಅವ್ವನ ಮುಖ ನೋಡಲಾಗದೆ ಅಕ್ಕನೇ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿದಳು. ಅಪ್ಪನ ಹಳೇ ಸೈಕಲ್ಲನ್ನು ತೊಳೆದೇ ಬೆಳೆದವಳು: ಎಡಗೈಯಲ್ಲಿ ಪೆಡಲು ತಿರುವುವುದು, ಬಲಗೈಯಲ್ಲಿ ಸರಪಳಿಗೆ ಅರಿವೆ ಹಿಡಿಯುವುದು, ಅರಿವೆ ಸಿಕ್ಕರೆ ಪೆಡಲು ಬಿಡುವುದು. ಬಿಟ್ಟರೆ ಸರಪಳಿ ನಿಲ್ಲುತ್ತದೆ ಎಂದು ಅವಳ ಕೈಗೆ ಗೊತ್ತಿತ್ತು. ಅರಿವೆ ಸಿಕ್ಕಿತು. ಬಿಟ್ಟಳು. ಭರ್‍ರನೆ ತಿರುಗುತ್ತಿದ್ದ ಗಾಲಿ ತನ್ನ ಭಾರದಿಂದಲೇ ಸರಪಳಿಯನ್ನು ಎಳೆಯಿತು, ಅರಿವೆಯ ಜೊತೆ ಬೆರಳನ್ನೂ ಹಲ್ಲಿನ ಚಕ್ರದೊಳಕ್ಕೆ.

ಹಸಿ ಕಬ್ಬು ಮುರಿದ ಹಾಗೆ ಸದ್ದಾಯಿತು. ನಾನು ಒದ್ದೆ ಮೈಯಲ್ಲೇ ಓಡಿ ಬಂದೆ. ಮುಂದೆ ತಿರುಗಿಸಿದರೆ ಬೆರಳು ಇನ್ನಷ್ಟು ಒಳಗೆ. ಹಿಂದೆ ತಿರುಗಿಸಿದರೆ ಅದೇ ಹಲ್ಲುಗಳ ಮೇಲೆ ವಾಪಸ್. ಹಿಂದೆ ತಿರುಗಿಸಿದೆ. ಅಕ್ಕ ನನ್ನ ಭುಜ ಕಚ್ಚಿದಳು, ಚರ್ಮ ಕಿತ್ತು ಬರುವ ಹಾಗೆ. ಕೈ ಬಿಡಿಸಿಕೊಂಡಾಗ ಬೆರಳಿನ ತುದಿಯ ಗೆಣ್ಣು ಅರಿವೆಯಲ್ಲೇ ಉಳಿದಿತ್ತು.

ಸದ್ದಿಗೆ ಓಡಿ ಬಂದ ಕಾಕಾ, ಅಪ್ಪನ ತಮ್ಮ, ಸಿಟ್ಟಿನಿಂದ ಹಾರೆ ತಂದು ಗಾಲಿಯನ್ನು ಜಜ್ಜತೊಡಗಿದ. ಕಡ್ಡಿಗಳು ಸಿಡಿದು ಒಂದು ನನ್ನ ಮೊಳಕಾಲಿಗೆ ಚುಚ್ಚಿತು.

"ಕಾಕಾ, ಫ್ರೀವೀಲ್ ಇದ್ದಿದ್ರ..." ಎಂದೆ.

ಬಾಯಿಯ ಮೇಲೇ ಗುದ್ದಿದ. "ಇನ್ನೂ ಭಾಷಣ ಮಾಡ್ತಿಯೇನಲೇ?"

ನನ್ನ ತುಟಿ ಸೀಳಿತು. ನಾನೂ ಅವನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದೆ. ಅವನು ತಲೆಯಿಂದ ನನ್ನ ಮೂಗಿಗೆ ಹೊಡೆದ. ನಮ್ಮಿಬ್ಬರನ್ನು ನಿಲ್ಲಿಸಿದ್ದು ಅಕ್ಕ. ಕೈಗೆ ಸೆರಗು ಸುತ್ತಿಕೊಂಡು, ಸೆರಗಿನಿಂದ ರಕ್ತ ತೊಟ್ಟಿಕ್ಕುತ್ತಿರಲು, "ನನ್ನ ಯಾರರೆ ದವಾಖಾನಿಗೆ ಕರಕೊಂಡ ಹೋಗ್ತೀರೋ, ಇಲ್ಲಾ ಮೊದಲ ನಿಮ್ಮ ಕುಸ್ತಿ ಮುಗೀಲೋ?" ಎಂದಳು.

ದವಾಖಾನೆಗೆ ಹೋಗುವಾಗ ಟಂಟಂ ಆಟೋದಲ್ಲಿ ಅವಳು ಆಡಿದ್ದು ಒಂದೇ ಮಾತು: "ಪೆಡಲ್ ಬಿಟ್ಟೆ. ನಿಂದ್ರಲಿಲ್ಲ ಅದು."

ದವಾಖಾನೆಯಲ್ಲಿ ವೈದ್ಯರು ತುಂಡನ್ನು ನೋಡಿ, "ಇದು ಕೂಡಂಗಿಲ್ರಿ," ಎಂದರು.

"ಮತ್ತ ಜಂಪರ ಹೊಲಿಯಾಕ ಬರತೈತಿಲ್ರಿ?" ಎಂದು ಅಕ್ಕ ಕೇಳಿದಳು. ಅವರು ಹೊಲಿಗೆ ದಾರ ಕತ್ತರಿಸುತ್ತ, "ನೋಡೂಣ್ರಿ," ಎಂದರು.

ಈಗ ನಡುಬೆರಳಿನಿಂದ ಬಟ್ಟೆ ನಡೆಸುತ್ತಾಳೆ. ಸೂಜಿ ಮೂರು ಸಲ ಅದರೊಳಗೆ ಇಳಿದಿದೆ. ಮೊದಲು ಮೂರು ಜಂಪರ ಆಗುತ್ತಿದ್ದ ಹೊತ್ತಿನಲ್ಲಿ ಒಂದಾಗುತ್ತದೆ. ಅಳತೆ ಕೊಡಲು ಬಂದವರು ಬೆರಳು ನೋಡಿ ಏನಾಯಿತೆಂದು ಕೇಳಿದರೆ, ನಾನು ಪಕ್ಕದಲ್ಲೇ ಇದ್ದರೂ, ತಲೆ ಎತ್ತದೆ ಹೇಳುತ್ತಾಳೆ: "ಅಮಾಸಿ ತಪ್ಪಿಸಿದ್ವಿರಿ. ದೇವಿ ಸಿಟ್ಟಾದ್ಲು."

ಓಣಿಯ ಕಥೆ ಹುಟ್ಟಿದ್ದು ಅವಳ ಬಾಯಿಂದಲೇ. ಯಾಕೆ ಹೀಗೆ ಹೇಳುತ್ತೀ ಎಂದು ಅವಳನ್ನು ಎರಡು ಸಲ ಕೇಳಿದ್ದೇನೆ, ಎರಡೂ ಸಲ ಮಷೀನು ಜೋರಾಗಿ ತುಳಿದಳು. ಮೂರನೇ ಸಲ ಇಲ್ಲಿ ಕೇಳುತ್ತೇನೆ. ಅಕ್ಕಾ, ಪೆಡಲ್ ಬಿಟ್ರೂ ನಿಂದ್ರಲಿಲ್ಲ ಅಂದಾಕಿ ನೀನ. ಹಂಗಾರ ದೇವಿ ಹೆಸರ ಹೇಳಿ ನನ್ನ ಉಳಸಾಕ ಹತ್ತಿಯೋ, ಇಲ್ಲಾ ಸಾಯೂತನಕಾ ನಾ ಈ ಸುಳ್ಳ ಕೇಳಕೋಂತ ಕುಂದರಲಿ ಅಂತ ಮಾಡಿಯೋ?